ಉಲುವಾಟುವಿನ ಕನ್ನಡಕ ವ್ಯಾಪಾರ

ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ರಜೆಗೆಂದು ಹೋಗುವವರು ಸಮುದ್ರ ನೋಡಿ ಸುಸ್ತಾದ ಮೇಲೆ ನೋಡಲು ಹೊರಡುವುದು ಕೋತಿಗಳನ್ನು. ಅವು ಉದ್ದಬಾಲದ ಮಕಾಕ್ ಜಾತಿಯವು. ಊರಲ್ಲಿ ತೆಂಗಿನತೋಟದಿಂದ ಕೋತಿ ಓಡಿಸಿ ಬಂದವರೂ ಇಲ್ಲಿ ಟಿಕೆಟ್ ಕೊಂಡು ನೋಡುತ್ತಾರೆ.

ಉಬುದ್‌ನ ಕೋತಿವನವನ್ನು ಪಡಂಗ್‌ತೆಗಲ್ ಗ್ರಾಮದವರು ನಡೆಸುತ್ತಾರೆ. ಸಾವಿರಕ್ಕೂ ಹೆಚ್ಚು ಕೋತಿಗಳಿವೆ. ಮೂರು ದೇವಾಲಯಗಳೂ ಇವೆ, ಆದರೆ ಅವು ಫೋಟೊಗಳ ಹಿನ್ನೆಲೆಗಷ್ಟೇ ಬರುತ್ತವೆ. ಓಡಬೇಡಿ, ಆಹಾರ ತರಬೇಡಿ, ಕೋತಿಯ ಕಣ್ಣನ್ನು ದಿಟ್ಟಿಸಬೇಡಿ ಎಂದು ಸೂಚನೆಗಳಿರುತ್ತವೆ. ಬಹುಪಾಲು ಕುಟುಂಬಗಳು ಅವನ್ನು ಓದುವುದು ವಾಪಸು ಹೊರಟಾಗ. ದಿಟ್ಟಿಸುವುದೆಂದರೆ ಮಕಾಕ್‌ಗಳ ಲೆಕ್ಕದಲ್ಲಿ ಜಗಳಕ್ಕೆ ಕರೆದಂತೆ. ಸೆಲ್ಫಿಗೆಂದು ಮುಖ ಹತ್ತಿರ ಒಯ್ಯುವವರಿಗೆ ಇದು ತಡವಾಗಿ ತಿಳಿಯುತ್ತದೆ.

ಉಬುದ್ ಪ್ರಾಥಮಿಕ ಶಾಲೆಯಾದರೆ ಉಲುವಾಟು ವಿಶ್ವವಿದ್ಯಾಲಯ. ದ್ವೀಪದ ದಕ್ಷಿಣ ತುದಿಯ ಕಡಿದಾದ ಬಂಡೆಯ ಮೇಲೆ, ಕಡಲಿನಿಂದ ಸುಮಾರು 70 ಮೀಟರ್ ಎತ್ತರದಲ್ಲಿರುವ ಈ ದೇವಾಲಯದ ಕೋತಿಗಳು ಕದಿಯುತ್ತವೆ ಎಂದರೆ ಅರ್ಧ ಸತ್ಯ. ಅವು ಅಡವಿಟ್ಟುಕೊಳ್ಳುತ್ತವೆ. ಹಿಂದಿನಿಂದ ಬಂದು ಕನ್ನಡಕ, ಟೋಪಿ, ಚಪ್ಪಲಿ, ಫೋನ್ ಯಾವುದನ್ನಾದರೂ ಎಗರಿಸಿ, ಕೈಗೆ ಸಿಗದಷ್ಟು ದೂರದಲ್ಲಿ, ಆದರೆ ಕಣ್ಣಿಗೆ ಚೆನ್ನಾಗಿ ಕಾಣುವಲ್ಲಿ ಕೂರುತ್ತವೆ. ಕನ್ನಡಕವೇ ಹೋದವನಿಗೆ ಅದೂ ಕಾಣುವುದಿಲ್ಲವೆಂಬುದು ಬೇರೆ ಮಾತು. ದೇವಾಲಯದ ಸಿಬ್ಬಂದಿ ತಿನಿಸು ಒಡ್ಡಿ ಚೌಕಾಸಿಗಿಳಿಯುತ್ತಾರೆ. ತಿನಿಸು ಒಪ್ಪಿಗೆಯಾದರೆ ವಸ್ತು ಕೆಳಗೆ ಬೀಳುತ್ತದೆ.

ವಿಜ್ಞಾನಿಗಳು ಈ ವ್ಯಾಪಾರವನ್ನು ಗಂಭೀರವಾಗಿಯೇ ಅಧ್ಯಯನ ಮಾಡಿದ್ದಾರೆ. ಇದು ಹುಟ್ಟುಗುಣವಲ್ಲ, ಒಂದನ್ನೊಂದು ನೋಡಿ ಕಲಿತದ್ದು ಎಂಬುದಕ್ಕೆ 2017ರಲ್ಲಿ ಪ್ರಕಟವಾದ ಸಂಶೋಧನೆ ಪುರಾವೆ ಒದಗಿಸಿತು. ಹೊಸದಾಗಿ ಬಂದ ಗುಂಪೊಂದು ನೆರೆಯವರಿಂದ ಕಸುಬು ಕಲಿತಿತ್ತು. 2021ರ ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು. ಮರಿಗಳು ಕೈಗೆ ಸಿಕ್ಕಿದ್ದನ್ನು ಎಗರಿಸುತ್ತವೆ. ವಯಸ್ಕ ಕೋತಿಗಳು ಹೇರ್‌ಪಿನ್ ಬಿಟ್ಟು ಫೋನ್, ಪವರ್ ಕನ್ನಡಕಗಳನ್ನೇ ಆರಿಸುತ್ತವೆ. ಬೆಲೆಬಾಳುವ ವಸ್ತುವಿಗೆ ಹೆಚ್ಚು ತಿನಿಸು ಅಥವಾ ಹೆಚ್ಚು ರುಚಿಯ ತಿನಿಸು ಸಿಗುವವರೆಗೆ ಬಿಡುವುದಿಲ್ಲ. ಒಂದು ಚೌಕಾಸಿ 17 ನಿಮಿಷ ನಡೆದದ್ದು ದಾಖಲಾಗಿದೆ. ಪ್ರವಾಸಿಗರಿಗೆ ಯಾವ ವಸ್ತುವಿನ ಮೇಲೆ ಎಷ್ಟು ಮೋಹವೆಂಬುದನ್ನು ಇಷ್ಟು ಕರಾರುವಾಕ್ಕಾಗಿ ಬಲ್ಲವರು ವಿಮಾನ ನಿಲ್ದಾಣದ ಅಂಗಡಿಯವರೊಬ್ಬರೇ ಇರಬೇಕು.

ಸಂಜೆ ಅಲ್ಲಿಯೇ ಕೆಚಕ್ ನೃತ್ಯ. ರಾಮಾಯಣದ ಕಥೆ, ಹನುಮಂತನ ಲಂಕಾದಹನ. ಒಂದು ಉಂಗುರವನ್ನು ಸಮುದ್ರ ದಾಟಿಸಿ ಜೋಪಾನವಾಗಿ ತಲುಪಿಸಿದವನಿಗೆ ರಂಗದಲ್ಲಿ ಚಪ್ಪಾಳೆ ಬೀಳುವಾಗ, ಅವನ ಕುಲದವರು ಹೊರಗೆ ಕಿವಿಯೋಲೆ ಹುಡುಕುತ್ತಿರುತ್ತಾರೆ.

ಬಾಲಿಯಲ್ಲಿ ಪ್ರವಾಸಿಗರು ಹೋಗುವ ಲುವಾಕ್ ಕಾಫಿ ತೋಟಗಳದು ಇಷ್ಟು ನಗಿಸುವ ಕಥೆಯಲ್ಲ. ಪುನುಗು ಬೆಕ್ಕು ಕಾಫಿ ಹಣ್ಣು ತಿಂದು ಹಿಕ್ಕೆಯಲ್ಲಿ ಬಿಟ್ಟ ಬೀಜವನ್ನು ತೊಳೆದು, ಹುರಿದು ದುಬಾರಿ ಬೆಲೆಗೆ ಮಾರುತ್ತಾರೆ. ಕೊಡಗಿನ ತೋಟದವರಿಗೂ ಈ ಪ್ರಾಣಿ ಪರಿಚಿತವೇ. ಕಾಡಿನ ಬೆಕ್ಕು ಚೆನ್ನಾಗಿ ಹಣ್ಣಾದದ್ದನ್ನು ಆರಿಸಿ ತಿನ್ನುತ್ತದೆ. ಪಂಜರದ ಬೆಕ್ಕಿಗೆ ಕೊಟ್ಟದ್ದೇ ಗತಿ. ನಿಶಾಚರ ಪ್ರಾಣಿಯನ್ನು ಹಗಲಿಡೀ ಎಬ್ಬಿಸಿಟ್ಟು ತೋರಿಸುವ ತೋಟದಲ್ಲಿ ಕಾಫಿ ಕುಡಿಯದೆ ಹೊರಬರುವುದು ಮೇಲು.

ಬಾಲಿಗೆ ಹೊರಟವರು ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಲಿ, ಕಿತ್ತುಕೊಂಡ ಕೋತಿಯೊಡನೆ ಜಗ್ಗಾಡದಿರಲಿ. ದ್ವೀಪದಲ್ಲಿ 2008ರಿಂದ ರೇಬೀಸ್ ಇದೆ. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ವೈದ್ಯರ ಬಳಿ ಹೋಗಬೇಕು.