ತಾತನ ವಾಚು, ಮೊನ್ನೆಯ ಬಣ್ಣ

ಬೆಂಗಳೂರಿನಲ್ಲಿ ಈಗ ಎಲ್ಲರಿಗೂ ಒಬ್ಬ ತಾತ ಇದ್ದಾನೆ. ಆ ತಾತನ ಹತ್ತಿರ ಒಂದು ಎಚ್‌ಎಂಟಿ ವಾಚಿತ್ತು. ಒಂದು ಲೋಟ ಕಾಫಿಗೆ ಮುನ್ನೂರು ರೂಪಾಯಿ ಕೊಡುವ ಹುಡುಗ, ನಾವು ಕೇಳಲಿ ಅಂತ ಅಂಗಿಯ ತೋಳು ಮಡಚಿ ಕೂರುತ್ತಾನೆ. ಕೇಳದಿದ್ದರೆ ತಾನೇ ಹೇಳುತ್ತಾನೆ. "ತಾತಂದು. ವಿಂಟೇಜ್."

ತಾತ ಯಾವ ಊರಿನವರು ಅಂತ ಕೇಳಿ ನೋಡಿ, ತಡವರಿಸುತ್ತಾನೆ. ವಾಚಿನ ಮಾಡೆಲ್ ಕೇಳಿ, ಅಷ್ಟೋತ್ತರ ಒಪ್ಪಿಸುತ್ತಾನೆ.

ನಿಜವಾದ ತಾತಂದಿರ ವಾಚುಗಳು ಎಲ್ಲಿ ಹೋದವು ಅಂತ ನನಗೆ ಗೊತ್ತು. ನಮ್ಮ ಮನೆಯದ್ದೂ ಅಲ್ಲಿಗೇ ಹೋಯಿತು. 1984ರಲ್ಲಿ ಟೈಟಾನ್ ಕಂಪನಿ ಹುಟ್ಟಿತು. ಕ್ವಾರ್ಟ್ಜ್ ವಾಚು ಮನೆಮನೆಗೆ ಬಂತು. ಕೀ ಕೊಡುವ ಕೆಲಸ ತಪ್ಪಿತು. ಕೀ ಕೊಡುವವನು ಹಳೇ ಕಾಲದವನಾದ.

ನಮ್ಮಪ್ಪ ರಿಟೈರ್ ಆದ ಮೇಲೂ ಬೆಳಿಗ್ಗೆ ಹಲ್ಲುಜ್ಜಿ ಬಂದು, ಕಿಟಕಿ ಹತ್ತಿರ ನಿಂತು, ಎಚ್‌ಎಂಟಿ ಜನತಾ ವಾಚಿಗೆ ಕೀ ಕೊಡುತ್ತಿದ್ದರು. ಬಿಗಿಯಾದ ಕೂಡಲೇ ನಿಲ್ಲಿಸುತ್ತಿದ್ದರು. ನನಗೆ ನಾಚಿಕೆ. ಹಳೇ ವಾಚು ತನ್ನಿ, ಹೊಸದು ಒಯ್ಯಿರಿ ಅಂತ ಅಂಗಡಿಯೊಂದರಲ್ಲಿ ಬೋರ್ಡು ಹಾಕಿದ್ದರು. ನಾನೇ ಒಯ್ದು ಕೊಟ್ಟೆ. ಇನ್ನೂರು ರೂಪಾಯಿ ಕಡಿಮೆ ಮಾಡಿದರು. ಅಪ್ಪ ಏನೂ ಅನ್ನಲಿಲ್ಲ. ಎಷ್ಟೋ ದಿನ ಆ ಕ್ವಾರ್ಟ್ಜ್ ವಾಚಿನ ತಿರುಪನ್ನೂ ಬೆಳಿಗ್ಗೆ ಎದ್ದು ತಿರುವುತ್ತಿದ್ದರು. ನಾವು ನಗುತ್ತಿದ್ದೆವು.

ಅದೇ ನಾನು ಈ ವರ್ಷ ಹೊರಟೆ, ದಿನಾ ಕಟ್ಟಿಕೊಳ್ಳಲು ಒಂದು ಹಳೇ ವಾಚು ಕೊಳ್ಳೋಣ ಅಂತ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈ ಹಿಡಿದು ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತ್ತು. ಸಿಟಿಜನ್ ಜೊತೆ ಸೇರಿ ಜನತಾ ಹುಟ್ಟಿಸಿದರು. ಹೆಸರಿಡುವವರಿಗೆ ಆಗ ಒಂದಿಷ್ಟು ನಾಚಿಕೆ ಇತ್ತು. ಪೈಲಟ್, ಜವಾನ್, ಸೋನಾ, ಕಾಂಚನ. ಅಳಿಯನಿಗೆ ಕಾಂಚನ ಕಟ್ಟದ ಮಾವ ಮಾವನೇ ಅಲ್ಲ ಅನ್ನುವ ಕಾಲ. ಬೆಂಗಳೂರು ಸಾಲದೆ ತುಮಕೂರಿನಲ್ಲೂ ಕಾರ್ಖಾನೆ.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಮುಂದಿನ ತಿಂಗಳು ಇಡೀ ಕರ್ನಾಟಕ ವಾಚಿನ ಬಗ್ಗೆ ಮಾತಾಡಿತು. ಯಾವ ವಾಚು? ಆಗಿನ ಮುಖ್ಯಮಂತ್ರಿಗಳ ಕೈಯಲ್ಲಿದ್ದ ಸ್ವಿಸ್ ಹ್ಯೂಬ್ಲೋ. ಗೆಳೆಯರು ಕೊಟ್ಟ ಉಡುಗೊರೆ ಅಂದರು. ಗದ್ದಲವೋ ಗದ್ದಲ. ಕೊನೆಗೆ ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಸರ್ಕಾರದ ವಾಚ್ ಕಾರ್ಖಾನೆ ಹೋಯಿತು, ಸರ್ಕಾರಕ್ಕೊಂದು ವಾಚು ಬಂತು. ಲೆಕ್ಕ ಚುಕ್ತಾ.

ತುಮಕೂರಿನ ಕಾರ್ಖಾನೆ ಜಾಗ ಇಸ್ರೋ ಪಾಲಾಯಿತು. ಬೆಂಗಳೂರಿನ ಜಾಲಹಳ್ಳಿಯ ಜಾಗ ಅರಣ್ಯ ಇಲಾಖೆಯದ್ದೋ ಕಂಪನಿಯದ್ದೋ ಅಂತ ರಾಜ್ಯಕ್ಕೂ ಕೇಂದ್ರಕ್ಕೂ ಜಗಳ. ಆ ನೆಲದ ಮೇಲೆ ಎಲ್ಲರಿಗೂ ಎಷ್ಟು ಪ್ರೀತಿ! ಇದರಲ್ಲಿ ಕಾಲುಭಾಗ ವಾಚಿನ ಮೇಲೆ ಇದ್ದಿದ್ದರೆ ನಾನು ಭಾನುವಾರದ ಬಿಸಿಲಲ್ಲಿ ಚಿಕ್ಕಪೇಟೆಯ ಫುಟ್‌ಪಾತ್ ಮೇಲೆ ಕುಕ್ಕರಗಾಲಲ್ಲಿ ಕೂರಬೇಕಿರಲಿಲ್ಲ.

ಕೂತೆ. ನೀಲಿ ಟಾರ್ಪಾಲಿನ ಮೇಲೆ ವಾಚುಗಳ ರಾಶಿ. ಪೈಲಟ್ ಅಂದರೆ ನಮ್ಮ ಕಾಲದವರ ಕಣ್ಣಿಗೆ ಕಪ್ಪು ಡಯಲ್ಲು. ಇಲ್ಲಿ ಗುಲಾಬಿ ಪೈಲಟ್, ಗಿಳಿಹಸಿರು ಪೈಲಟ್, ಕಿತ್ತಳೆ ಪೈಲಟ್. ಹೋಳಿ ಆಡಿ ಬಂದ ವಾಯುಪಡೆ. ಐವತ್ತು ವರ್ಷದ ವಾಚಿನ ಮುಖದಲ್ಲಿ ಒಂದು ಕಲೆಯಿಲ್ಲ. ಐವತ್ತರಲ್ಲಿ ನನ್ನ ಮುಖ ಹೀಗಿರಲಿಲ್ಲ.

"ಎಲ್ಲಾ ಒರಿಜಿನಲ್ ಸಾರ್. ಕಾರ್ಖಾನೆ ಮಾಲು."

"ನೀರು ತಾಗಿದರೆ?"

"ಏನೂ ಆಗಲ್ಲ ಸಾರ್. ಕಟ್ಕೊಂಡೇ ಸ್ನಾನ ಮಾಡಿ."

ಡಯಲ್ಲಿನ ಮೇಲೆ ಹದಿನೇಳು ಜ್ಯೂಯೆಲ್ಸ್, ಪ್ಯಾರಾಶಾಕ್ ಅಂತ ಬರೆದಿತ್ತು. ಪ್ಯಾರಾಶಾಕ್ ಅಂದರೆ ಕೆಳಗೆ ಬಿದ್ದರೆ ಒಳಗಿನ ಸೂಕ್ಷ್ಮ ಅಚ್ಚು ಮುರಿಯದ ಹಾಗೆ ಕಾಯುವ ಏರ್ಪಾಡು. ಕೊಳ್ಳುವವನ ಎದೆ ಕಾಯುವ ಏರ್ಪಾಡು ಅದರಲ್ಲಿಲ್ಲ. ನಾಲ್ಕೂವರೆ ಸಾವಿರ ಎಣಿಸಿದೆ. ಕಿತ್ತಳೆ ಬಣ್ಣದ್ದು. ಕಪ್ಪು ಇರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಇತ್ತು.

ಮೊದಲು ಹಿಂದಿನ ಮುಚ್ಚಳ ತೆಗೆಸಿ ಒಳಗೆ ನೋಡಬೇಕು, ಆಮೇಲೆ ದುಡ್ಡು ಎಣಿಸಬೇಕು. ಇದು ನನಗೆ ಗೊತ್ತಿತ್ತು. ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ಹುಳುಕು ಹುಡುಕುವ ನಾವು ವಾಚಿನ ಮುಖ ನೋಡಿ ಮರುಳಾಗುತ್ತೇವೆ.

ಮೂರನೇ ದಿನ ಅದು ಹನ್ನೆರಡು ನಿಮಿಷ ಹಿಂದೆ ಬಿತ್ತು. ನಾಲ್ಕನೇ ದಿನ ಮಳೆ. ಒಳಗೆ ಮಂಜು. ಅವೆನ್ಯೂ ರಸ್ತೆ ಹತ್ತಿರದ ಮೆಟ್ಟಿಲ ಸಂದಿಯಲ್ಲಿ ಒಬ್ಬ ಹಿರಿಯ ರಿಪೇರಿಯವರು ಕೂರುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದರು. ಗಂಟೆಗೆ 18,000 ಸಲ ಬಡಿಯಬೇಕಾದ ಯಂತ್ರ. ಎಣ್ಣೆ ಒಣಗಿ ಎಷ್ಟು ವರ್ಷವಾಗಿತ್ತೋ, ಲೋಹಕ್ಕೆ ಲೋಹ ಉಜ್ಜುತ್ತಿತ್ತು.

"ಮಿಷಿನ್ ಎಚ್‌ಎಂಟಿದೇ. ಎರಡು ಸೇರಿಸಿ ಒಂದು ಮಾಡವ್ರೆ. ಕೇಸು ಬೇರೆಯದು. ಮುಳ್ಳು ಯಾವುದರದ್ದೋ. ಡಯಲ್ಲು ಕೆರೆದು ಬಣ್ಣ ಹೊಡೆದು ಮೇಲೆ ಅಚ್ಚು ಹಾಕವ್ರೆ. ಇಲ್ ನೋಡಿ, ಅಕ್ಷರ ದಪ್ಪ."

"ಹಾಗಾದ್ರೆ ಇದರಲ್ಲಿ ಹಳೇದು ಅಂತ ಏನಿದೆ?"

ಅವರು ಒಮ್ಮೆ ಊದಿದರು. "ಇದೇ, ಈ ಧೂಳು."

ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಗಾಜು ಬದಲಿಸಿ ಕೊಟ್ಟರು. ಆರು ನೂರು. ಇಡೀ ವ್ಯವಹಾರದಲ್ಲಿ ಸರಿಯಾದ ಬೆಲೆ ಹೇಳಿದ್ದು ಅವರೊಬ್ಬರೇ. ನಾನು ಐನೂರಕ್ಕೆ ಚೌಕಾಸಿ ಮಾಡಿದೆ. ಫುಟ್‌ಪಾತಿನವನ ಹತ್ತಿರ ತುಟಿಪಿಟಕ್ ಅನ್ನದವನು.

ಈಗ ದಿನಾ ಕಟ್ಟುತ್ತೇನೆ. ದಿನಬಳಕೆ ಅಂದರೆ ಏನು ಅಂತ ಕೇಳಿ: ಬೆಳಿಗ್ಗೆ ಫೋನಿನಲ್ಲಿ ಟೈಮು ನೋಡಿ ವಾಚಿಗೆ ಟೈಮು ಇಡುತ್ತೇನೆ. ಆಮೇಲೆ ಟೈಮು ಬೇಕಾದಾಗ ಫೋನು ನೋಡುತ್ತೇನೆ. ಕೈ ತೊಳೆಯುವಾಗ ಬಿಚ್ಚಿಡುತ್ತೇನೆ. ಮೋಡ ಕಂಡರೆ ಜೇಬಿಗೆ ಹಾಕುತ್ತೇನೆ. ಮೂರು ಹಗಲು ಮೂರು ರಾತ್ರಿ ಯೋಚಿಸಿ ಬೆಲ್ಟು ಬದಲಿಸಿದ್ದೇನೆ. ಆಫೀಸಿಗೆ ಮಾತ್ರ ಎಂದಿನಂತೆ ತಡ. ಈ ಊರಿನಲ್ಲಿ ಒಂಬತ್ತು ಅಂದರೆ ಹತ್ತು, ಹತ್ತು ಅಂದರೆ ಸಿಲ್ಕ್ ಬೋರ್ಡ್ ಟ್ರಾಫಿಕ್.

ಕಳೆದ ವಾರ ಸಂಬಂಧಿಕರ ಮದುವೆ. ಮುಹೂರ್ತ ಹತ್ತು ಹನ್ನೆರಡಕ್ಕೆ ಅಂತ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬ್ಯೂಟಿಷಿಯನ್ನು ಹತ್ತೂವರೆಗೆ ಬಂದಳು. ಪುರೋಹಿತರು ಫೋನು ನೋಡಿ ಲಗ್ನ ಇನ್ನೂ ಇದೆ ಅಂದರು. ಪಕ್ಕದಲ್ಲಿ ಕೂತ ಹುಡುಗ ನನ್ನ ಕೈ ನೋಡಿದ. ನಾನು ಆಗಲೇ ತೋಳು ಎರಡು ಮಡಿಕೆ ಮೇಲೆತ್ತಿದ್ದೆ.

"ಅಂಕಲ್, ವಿಂಟೇಜಾ? ಯಾರದ್ದು?"

"ನಮ್ಮಪ್ಪಂದು."

"ಸೂಪರ್ ಅಂಕಲ್! ಆಗಲೇ ಈ ಕಲರ್ ಬರ್ತಿತ್ತಾ?"

"ಬರ್ತಿತ್ತು," ಅಂದೆ.