ಹಳೇ ಛತ್ರದ ಜೀರ್ಣೋದ್ಧಾರ: ಬಳಕೆಯ ಕೈಪಿಡಿ

ಬೇಕಾಗುವ ಸಾಮಾನು: ಹಳೆಯ ಛತ್ರ ಒಂದು. ಚಿಪ್ಪಿನ ಸುಣ್ಣ, ಮರಳು, ತೆಳು ಇಟ್ಟಿಗೆ, ತೇಗದ ತೊಲೆ, ಬೆಲ್ಲ, ಅಳಲೆಕಾಯಿ. ಟ್ರಸ್ಟಿಗಳು, ಆದಷ್ಟು ಕಡಿಮೆ. ಉದ್ಘಾಟನೆಯ ಕಲ್ಲು ಒಂದು. ಕಲ್ಲನ್ನು ಮೊದಲೇ ಕೆತ್ತಿಸಿಡಿ. ಉಳಿದದ್ದು ತಡವಾದರೆ ಯಾರೂ ಕೇಳುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮುನ್ನ ಛತ್ರ ಯಾಕೆ ಹುಟ್ಟಿತೆಂದು ತಿಳಿದುಕೊಳ್ಳಿ. ನೀವು ಚೆನ್ನೈನ ರಾಯಪುರಂ ಕಡೆಯವರಾದರೆ ಇದು ಸುಲಭ. ಅಲ್ಲಿನ ಮೊನೆಗಾರ್ ಛತ್ರದ ಕತೆಯಲ್ಲಿ ನಮ್ಮವರೇ ಬರುತ್ತಾರೆ. 1780ರಲ್ಲಿ ಶ್ರೀರಂಗಪಟ್ಟಣದ ಹೈದರಾಲಿ ಆರ್ಕಾಟು ಸೀಮೆಯ ಮೇಲೆ ದಂಡೆತ್ತಿ ಹೋದ; ಬೆಳೆ ಹಾಳಾಯಿತು, ಹಸಿದ ಜನ ಮದರಾಸಿಗೆ ನುಗ್ಗಿದರು, 1782ರಲ್ಲಿ ಅವರಿಗಾಗಿ ಇಲ್ಲಿ ಗಂಜಿ ಕೇಂದ್ರ ಶುರುವಾಯಿತು. ಗಂಜಿಗೆ ಬಂದವರಲ್ಲಿ ಕಾಯಿಲೆಯವರೂ ಇದ್ದರಲ್ಲ, ಔಷಧವೂ ಬೇಕಾಯಿತು. ಆ ಬೇರಿನಿಂದಲೇ ಇಂದಿನ ಸ್ಟ್ಯಾನ್ಲಿ ಆಸ್ಪತ್ರೆ ಬೆಳೆಯಿತು. ಹಳಬರಿಗೆ ಅದು ಕಂಜಿತೊಟ್ಟಿ ಆಸ್ಪತ್ರೆ. ಛತ್ರದ ಹೆಸರು ವೃದ್ಧಾಶ್ರಮವೊಂದಕ್ಕೆ ಉಳಿದಿದೆ. (ದೇಣಿಗೆಗೆಂದು ಮೈಸೂರು ಸೀಮೆಗೆ ಹೋದಾಗ ಈ ಇತಿಹಾಸವನ್ನು ವಿಸ್ತರಿಸಬೇಡಿ.)

ಈಗ ಮಾಡಿನ ಕೆಲಸ. ಮದ್ರಾಸ್ ತಾರಸಿಗೆ ಸೆಂಟ್ರಿಂಗ್ ಬೇಡ. ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಗಾರೆಯಲ್ಲಿ ಒಂದಕ್ಕೊಂದು ಅಂಟಿಸುತ್ತ ಹೋಗುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ. ಆಮೇಲೆ ಹೆಂಗಸರು ಸಾಲಾಗಿ ಕೂತು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತ, ಮರದ ಹಲಗೆಯಿಂದ ಬಡಿಯುತ್ತಾರೆ. ಬಡಿದ ಹಲಗೆ ತಾನೇ ಪುಟಿದು ಮೇಲೇಳುವವರೆಗೆ ಬಡಿಯಬೇಕು. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಕಂಟ್ರಾಕ್ಟರ್ ಬಂದು, "ಸಾರ್, ಎರಡು ಮೂಟೆ ಸಿಮೆಂಟ್ ಹಾಕಿದ್ರೆ ನಾಳೆ ಮುಗೀತದೆ" ಎನ್ನುತ್ತಾನೆ. ಕಾಫಿ ಕೊಟ್ಟು ಕಳಿಸಿ. ಕಡಲಂಚಿನ ಕಾಶಿಮೇಡಿನ ಕಡೆಯಿಂದ ಬೀಸುವ ಉಪ್ಪುಗಾಳಿ ಸಿಮೆಂಟಿನೊಳಗಿನ ಕಬ್ಬಿಣವನ್ನು ಬಿಡುವುದಿಲ್ಲ. ಸುಣ್ಣದ ಗೋಡೆಯಾದರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಹಳೇ ಇಟ್ಟಿಗೆ ಪುಡಿಯಾಗುತ್ತದೆ.

ಗೋಡೆಯ ಕೊನೆಯ ಪದರಕ್ಕೆ ನುಣ್ಣಗೆ ಅರೆದ ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ. ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಅಮೃತಶಿಲೆಯಂತೆ ಹೊಳೆಯಿಸುವುದು ಮದರಾಸಿನ ಹಳೇ ವಿದ್ಯೆ. ಮಡಿವಂತ ಟ್ರಸ್ಟಿ ಬರುವ ದಿನ ಮೊಟ್ಟೆಯ ಬುಟ್ಟಿಗೆ ಗೋಣಿ ಹೊದಿಸಿ. ಹಳದಿ ಎಲ್ಲಿ ಹೋಯಿತೆಂದು ಮೇಸ್ತ್ರಿಯನ್ನು ಕೇಳಬೇಡಿ.

ಮಾದರಿ ನೋಡಬೇಕೆಂದರೆ ರಾಯಪುರಂ ರೈಲು ನಿಲ್ದಾಣಕ್ಕೆ ಹೋಗಿ ಬನ್ನಿ. 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ವಾಲಾಜಾ ರೋಡಿಗೆ ಹೊರಟದ್ದು ಇಲ್ಲಿಂದಲೇ. ಕಂಬಗಳನ್ನೆಲ್ಲ 2005ರಲ್ಲಿ ರಿಪೇರಿ ಮಾಡಿ ಚೊಕ್ಕ ಮಾಡಿದರು. ದೂರದೂರಿನ ಜನ ಮಾತ್ರ ಸೆಂಟ್ರಲ್ಲಿನಲ್ಲೋ ಎಗ್ಮೋರಿನಲ್ಲೋ ಇಳಿಯುತ್ತಾರೆ. ಕಟ್ಟಡ ಉಳಿಸುವುದು ಒಂದು ಕೆಲಸ, ಜನ ಬರುವಂತೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಯಾವ ಟೆಂಡರಿನಲ್ಲೂ ಕಾಲಂ ಇರುವುದಿಲ್ಲ.

ತೊಂದರೆ ಮತ್ತು ಪರಿಹಾರ

ಅರಳಿ ಗಿಡ ಮತ್ತೆ ಚಿಗುರಿದೆ: ಬೇರು ತೆಗೆದಿಲ್ಲ, ಕೊಂಬೆ ಕತ್ತರಿಸಿ ಬಿಲ್ ಮಾಡಿದ್ದಾರೆ.

ಮಂತ್ರಿಗಳ ದಿನಾಂಕ ಸಿಗುತ್ತಿಲ್ಲ: ಕಾಯಿರಿ. ಸುಣ್ಣವೂ ಅಷ್ಟರಲ್ಲಿ ಗಟ್ಟಿಯಾಗುತ್ತದೆ.

"ಮಲಗಬಾರದು" ಎಂಬ ಬೋರ್ಡು ಎಲ್ಲಿ ಹಾಕಬೇಕು: ಎಲ್ಲೂ ಬೇಡ. ನೀವು ರಿಪೇರಿ ಮಾಡಿದ್ದು ಛತ್ರ.

ದೊಡ್ಡಾಸ್ಪತ್ರೆಗೆ ರೋಗಿಯನ್ನು ಸೇರಿಸಿ ಬಂದ ಹಳ್ಳಿಯವರು ಚಾಪೆ ಹಾಸಿ ಜಗಲಿಯಲ್ಲಿ ಮಲಗಿಬಿಟ್ಟಿದ್ದಾರೆ: ಎಬ್ಬಿಸಬೇಡಿ, ಒಳಗೆ ಜಾಗ ಕೊಡಿ. ಬೆಳಿಗ್ಗೆ ಕಾಫಿ ಕೊಟ್ಟು, ರಾತ್ರಿ ಮಳೆಗೆ ಮಾಡು ಎಲ್ಲಿ ಸೋರಿತೆಂದು ಕೇಳಿ ಬರೆದುಕೊಳ್ಳಿ. ಇಂಜಿನಿಯರಿಗೆ ಹಗಲಲ್ಲಿ ಅದು ಕಾಣಿಸದು.