ಕೂಲಿ ಸಂಧಿ ಪ್ರಕರಣ

ಲೋಪ, ಆಗಮ, ಆದೇಶ ಎಂಬ ಸಂಧಿಗಳು ಅಕ್ಷರಗಳಿಗಷ್ಟೇ ಆಗುತ್ತವೆಂದು ನಂಬಿದ್ದು ನಮ್ಮ ವೈಯಾಕರಣರ ದೊಡ್ಡ ಪ್ರಮಾದ. ಯಲ್ಲಾಪುರದಿಂದ ಅಂಕೋಲೆಗಿಳಿಯುವ ಅರಬೈಲ್ ಘಟ್ಟದ ಮೇಲೆ ಬೇರೊಂದು ವ್ಯಾಕರಣ ಚಾಲ್ತಿಯಲ್ಲಿದೆ. 'ಮಾತಾಡಿದ ಕೂಲಿ' ಪೂರ್ವಪದ, 'ಬಟವಾಡೆ' ಉತ್ತರಪದ. ಇವೆರಡು ಕೂಡುವಾಗ ಆಗುವ ವಿಕಾರಕ್ಕೆ ಶಾಸ್ತ್ರೀಯ ಹೆಸರು: ಮುರ್ಕೊಳ್ಳೋದು.

ಮೊದಲು ಪ್ರಯೋಗಶಾಲೆ. ಅಡಿಕೆ ಸುಗ್ಗಿಯ ರಾತ್ರಿ, ಅಂಗಳದ ಬಲ್ಬಿನ ಕೆಳಗೆ ಸುಲಿಯುವ ಮೆಟ್ಟುಗತ್ತಿಗಳ ಸಾಲು. ಸುಲಿದ ಡಬ್ಬಕ್ಕೆ ಇಷ್ಟು ಎಂದು ಮಾತಾಗಿದೆ. ಅಳೆಯುವ ಹೊತ್ತಿಗೆ ಒಡೆಯರ ಕೈ ಡಬ್ಬವನ್ನು ಮೆಲ್ಲಗೆ ಕುಲುಕುತ್ತದೆ. ಅಡಿಕೆ ತಳಕ್ಕಿಳಿದು ಇನ್ನೆರಡು ಬೊಗಸೆಗೆ ಜಾಗವಾಗುತ್ತದೆ. ಅದರ ಮೇಲೊಂದು ಗೋಪುರ. ದರ ಒಂದು ಪೈಸೆಯೂ ಇಳಿದಿಲ್ಲ. ಡಬ್ಬ ಬೆಳೆದಿದೆ, ಅಷ್ಟೇ.

ಪೂರ್ವಸೂರಿಗಳೂ ಇದ್ದಾರೆ. ಸಿದ್ದಾಪುರಕ್ಕೆ ತಾಗಿದ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿಭತ್ತ ಅಳೆಯುವ ಕೊಳಗ ಹೀಗೇ ಬೆಳೆದಿತ್ತು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಇನ್ನು ಲಕ್ಷಣ, ಲಕ್ಷ್ಯ.

ಲೋಪಸಂಧಿ: ಸ್ವರದ ಮುಂದೆ ಸ್ವರ ಬಂದರೆ ಹಿಂದಿನದು ಹೋಗುತ್ತದೆ; ತಿಂಗಳ ಮುಂದೆ ತಿಂಗಳು ಬಂದರೂ ಹಾಗೆಯೇ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೆ ಹೇಳಿದ್ದು 21,000 ರೂಪಾಯಿ. ಅದು 16,000ಕ್ಕೆ, ಆಮೇಲೆ 12,000ಕ್ಕೆ ಇಳಿಯಿತೆಂದು ಕಾರ್ಮಿಕರು ದೂರಿದರು. 2020ರ ಡಿಸೆಂಬರ್ 12ರಂದು ಕಾರ್ಖಾನೆಯ ಗಾಜುಗಳಿಗೂ ಲೋಪ ಬಂತು. ಕಂಪನಿ ಕ್ಷಮೆ ಕೇಳಿತು.

ಆಗಮಸಂಧಿ: 'ಮನೆ'ಗೂ 'ಅನ್ನು'ವಿಗೂ ನಡುವೆ ಕರೆಯದೆ ಯಕಾರ ಬರುವಂತೆ, ಕೂಲಿಗೂ ಕೈಗೂ ನಡುವೆ ಊಟದ ಲೆಕ್ಕ, ಒಡೆದ ಲೋಟ, ಹತ್ತು ನಿಮಿಷ ತಡವಾದ ಬಸ್ಸು ಬಂದು ಕೂರುತ್ತವೆ.

ಆದೇಶಸಂಧಿ: ಒಂದರ ಜಾಗಕ್ಕೆ ಇನ್ನೊಂದು. ಹೆಸರೇ ಹೇಳುವಂತೆ ಇದು ಸರ್ಕಾರಿ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417.60 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಕೋವಿಡ್ ಕಾಲದಲ್ಲಿ ಸರ್ಕಾರ ಅದನ್ನು ಆದೇಶದಿಂದಲೇ ಮುಂದೂಡಿತು. ಹೈಕೋರ್ಟ್ ಒಪ್ಪಲಿಲ್ಲ. ಆದರೂ ಅನೇಕ ಕಾರ್ಖಾನೆಗಳಿಂದ ಬಾಕಿ ಹೊರಡಲು 2022 ಬರಬೇಕಾಯಿತು. ರೂಪಾಯಿಯ ಜಾಗಕ್ಕೆ 'ನಾಳೆ' ಬಂದದ್ದರಿಂದ ಇದು ನಿರ್ದುಷ್ಟ ಉದಾಹರಣೆ.

ಮೂರರಲ್ಲೂ ಮೊದಲು ಬಿದ್ದುಹೋಗುವ ಪದ ಒಂದೇ: ಒಪ್ಪಿಗೆ.

ಅಪವಾದ, ಪ್ರಕೃತಿಭಾವ: ಸಂಧಿಯಾಗದೆ ಪದ ಇದ್ದಂತೆಯೇ ಉಳಿಯುವುದು. ವ್ಯಾಕರಣದಲ್ಲಿ ಇದು 'ಅಯ್ಯೋ, ಇದೇನು!' ಎಂದು ದನಿ ಎಳೆದು ಕೂಗಿದಲ್ಲಿ ಕಾಣುತ್ತದೆ. ಕೂಲಿಯಲ್ಲೂ ಕೂಗಿದವರದೇ ಇಡಿಯಾಗಿ ಉಳಿದದ್ದು ಹೆಚ್ಚು. ಇದಕ್ಕೆ ಸೂತ್ರಗಳುಂಟು. 1936ರ ವೇತನ ಪಾವತಿ ಕಾಯ್ದೆ ಬಹುಮಟ್ಟಿಗೆ ಹೇಳಿದ್ದನ್ನೇ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಹೇಳುತ್ತದೆ: ದಂಡ ಕೂಲಿಯ ಶೇ 3 ದಾಟಬಾರದು, ಕೆಲಸದವರ ಸಮಜಾಯಿಷಿ ಕೇಳದೆ ಹಾಕಬಾರದು, ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ಮೀರಬಾರದು. ಈ ಸಂಹಿತೆ ಕಾರ್ಖಾನೆಗಷ್ಟೇ ಅಲ್ಲ, ಅಂಗಳದ ಮೆಟ್ಟುಗತ್ತಿಗೂ ಅನ್ವಯ. ಮುರಿದುಕೊಂಡ ಕೂಲಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಅಸಲಿನ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಕಾನೂನಿನಲ್ಲಿದೆ.